ಮೂಳೆ ಸವೆತಕ್ಕೆ ವೈಬ್ರೇಷನ್ ಯಂತ್ರ: ಹತ್ತುವ ಮೊದಲು ಏನು, ಹತ್ತಿದ ಮೇಲೆ ಏನು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಿಂದ ಬರುವ ಪ್ರಶ್ನೆಗಳಲ್ಲಿ ಒಂದೇ ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತಿದೆ. ಅರವತ್ತು ದಾಟಿದ ತಾಯಿಗೋ ಅತ್ತೆಗೋ ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ರೋಗ, ಇದೆ ಎಂದು ವೈದ್ಯರು ಹೇಳುತ್ತಾರೆ. ಮಗನೋ ಸೊಸೆಯೋ ಮೊಬೈಲ್‌ನಲ್ಲಿ ಜಾಹೀರಾತು ನೋಡಿ, ಮೇಲೆ ನಿಂತರೆ ಗಡಗಡ ಅಲುಗುವ ಯಂತ್ರವೊಂದನ್ನು ತರಿಸುತ್ತಾರೆ. ಹಿರಿಯರು ಮಂಡಿ ಸೆಟೆಸಿಕೊಂಡು ಅದರ ಮೇಲೆ ನಿಲ್ಲುತ್ತಾರೆ. ವೇಗ ಹೆಚ್ಚಿದಷ್ಟೂ ಮೂಳೆ ಗಟ್ಟಿಯಾಗುತ್ತದೆ ಎಂದು ಮನೆಯವರೆಲ್ಲ ನಂಬುತ್ತಾರೆ. ಕೆಲವರು ಬೆನ್ನು ನೋವು ಶುರುವಾಗಿ ನಿಲ್ಲಿಸುತ್ತಾರೆ. ಇನ್ನು ಕೆಲವರು ಯಂತ್ರವನ್ನೇ ನೆಚ್ಚಿಕೊಂಡು ವಾರಕ್ಕೊಮ್ಮೆಯ ಮಾತ್ರೆಯನ್ನು ಬಿಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಗುಂಪು.

ಇಲ್ಲಿ ತಪ್ಪುತ್ತಿರುವುದು ಕೆಲಸಗಳ ಕ್ರಮ. ಯಂತ್ರ ಮೊದಲು ಬರುತ್ತದೆ, ಪರೀಕ್ಷೆ ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಯಾವುದಾದರೂ ಹಂತದಲ್ಲಿ "ನಿಲ್ಲಿಸಿ" ಎಂಬ ಉತ್ತರ ಬಂದರೆ ಮುಂದಿನದಕ್ಕೆ ಹೋಗಬೇಡಿ.

ಮೊದಲೇ ಜೋಡಿಸಿಕೊಳ್ಳಬೇಕಾದವು

ಡೆಕ್ಸಾ (ಮೂಳೆ ಸಾಂದ್ರತೆಯ ಪರೀಕ್ಷೆ) ವರದಿ, ಬೆನ್ನಿನ ಎಕ್ಸ್‌ರೇ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಎತ್ತರ ಅಳೆಯಲು ಟೇಪು, ಒಂದು ಹಳೆಯ ಸ್ಮಾರ್ಟ್‌ಫೋನ್, ಬಿಳಿ ಕಾಗದ, ತೆಳು ಮೊನೆಯ ಪೆನ್ನು, ರಬ್ಬರ್ ಮ್ಯಾಟ್, ಕೈಗಳಿಲ್ಲದ ಗಟ್ಟಿ ಕುರ್ಚಿ, ದಿನಾಂಕ ಬರೆದಿಡಲು ನೋಟ್‌ಬುಕ್. ಇವುಗಳ ಜೊತೆಗೆ, ಮೊದಲ ಎರಡು ತಿಂಗಳು ಪ್ರತಿ ಸಲವೂ ಪಕ್ಕದಲ್ಲಿ ನಿಲ್ಲಬಲ್ಲ ಒಬ್ಬರು ಬೇಕು.

## ಹಂತ 1: ಡೆಕ್ಸಾ ಮಾಡಿಸಿ, ಅಂಕಿಯನ್ನು ನೀವೇ ಓದಿ

ಬೆನ್ನಿನ ಕೆಳಭಾಗ ಮತ್ತು ಸೊಂಟದ ಕೀಲು, ಈ ಎರಡು ಕಡೆಯ ಮೂಳೆ ಸಾಂದ್ರತೆಯನ್ನು ಅಳೆಯುವ ಎಕ್ಸ್‌ರೇ ಪರೀಕ್ಷೆಯೇ ಡೆಕ್ಸಾ. ವರದಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ ಇರುತ್ತದೆ. ಆರೋಗ್ಯವಂತ ಯುವವಯಸ್ಕರ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಕೆಳಗಿದೆ ಎಂದು ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆ ಇಂದಿಗೂ ಬಳಕೆಯಲ್ಲಿದೆ: −1ರಿಂದ −2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್.

ಬಡಾವಣೆಯ ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಚಿಕ್ಕ ಯಂತ್ರದೊಳಗೆ ಇಟ್ಟು ಹೇಳುವ ಅಂಕಿ ಡೆಕ್ಸಾ ಅಲ್ಲ. ಅದು ಅಲ್ಟ್ರಾಸೌಂಡ್ ತಪಾಸಣೆ. ಮುಂದಿನ ಪರೀಕ್ಷೆ ಬೇಕೇ ಎಂಬುದನ್ನು ಸೂಚಿಸಲು ಅದು ಸಾಕು, ಚಿಕಿತ್ಸೆ ನಿರ್ಧರಿಸಲು ಸಾಲದು. ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಹುಬ್ಬಳ್ಳಿಗೆ ಬರುವವರು ಬಸ್ ಹತ್ತುವ ಮೊದಲೇ ಕೇಂದ್ರಕ್ಕೆ ಫೋನ್ ಮಾಡಿ, "ಬೆನ್ನು ಮತ್ತು ಸೊಂಟ ಎರಡನ್ನೂ ಅಳೆಯುವ ಡೆಕ್ಸಾ ಇದೆಯೇ?" ಎಂದು ಇದೇ ಮಾತಿನಲ್ಲಿ ಕೇಳಿ. ಹಿರಿಯರನ್ನು ಎರಡು ಬಾರಿ ಓಡಾಡಿಸುವುದು ತಪ್ಪುತ್ತದೆ.

ಇಲ್ಲಿ ಇನ್ನೊಂದು ಗೊಂದಲವೂ ಬಗೆಹರಿಯಬೇಕು. ಮಂಡಿಯ ಕೀಲು ಸವೆದು ನೋಯುವುದು ಬೇರೆ ರೋಗ. ಆಸ್ಟಿಯೊಪೊರೊಸಿಸ್ ಮೂಳೆ ಮುರಿಯುವವರೆಗೂ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮಂಡಿ ನೋವನ್ನೇ ಕಾರಣವಾಗಿಟ್ಟುಕೊಂಡು ಈ ಯಂತ್ರ ಕೊಂಡಿದ್ದರೆ ಈ ಮಾರ್ಗದರ್ಶಿ ನಿಮಗೆ ಹೊಂದುವುದಿಲ್ಲ.

## ಹಂತ 2: ಬೆನ್ನುಮೂಳೆ ಈಗಾಗಲೇ ಮುರಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ಹಾರಿಸುವ ಹಂತ ಇದು. ಸವೆದ ಬೆನ್ನುಮೂಳೆಯ ಮಣಿಗಳು ಬೀಳದೆಯೇ ಕುಸಿಯಬಲ್ಲವು. ಬಗ್ಗಿ ಕೊಡ ಎತ್ತಿದಾಗ, ಜೋರಾಗಿ ಕೆಮ್ಮಿದಾಗ, ಹೊಂಡದಲ್ಲಿ ಬಸ್ ಎಗರಿದಾಗಲೂ ಹೀಗೆ ಆಗುತ್ತದೆ. ಹಲವರಿಗೆ ಅದು ತಿಳಿಯುವುದೂ ಇಲ್ಲ, ಬರೀ ಬೆನ್ನು ನೋವು ಎಂದುಕೊಂಡು ಮುಲಾಮು ಹಚ್ಚಿ ಸುಮ್ಮನಾಗುತ್ತಾರೆ. ಹೊಸದಾಗಿ ಕುಸಿದ ಮಣಿಯ ಮೇಲೆ ಕಂಪನ ಕೊಡುವುದು ಅಪಾಯ.

ಮನೆಯಲ್ಲೇ ನೋಡಬಹುದಾದ ಮೂರು ಗುರುತುಗಳಿವೆ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಹೆಚ್ಚು ಕುಗ್ಗಿದ್ದಾರೆಯೇ? ಹಿಮ್ಮಡಿಯನ್ನೂ ಬೆನ್ನನ್ನೂ ಗೋಡೆಗೆ ಒರಗಿಸಿ, ಮುಖ ನೇರವಾಗಿಟ್ಟು ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗದೆ ಉಳಿಯುತ್ತದೆಯೇ? ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಎರಡು ಬೆರಳಿಗಿಂತ ಕಡಿಮೆ ಜಾಗ ಉಳಿದಿದೆಯೇ? ಒಂದಕ್ಕೆ ಹೌದು ಎಂದಾದರೂ ಯಂತ್ರ ಬದಿಗಿರಲಿ, ಬೆನ್ನಿನ ಪಕ್ಕದ ನೋಟದ ಎಕ್ಸ್‌ರೇ ತೆಗೆಸಿ ಮೂಳೆ ವೈದ್ಯರಿಗೆ ತೋರಿಸಿ. ಮೂರಕ್ಕೂ ಇಲ್ಲ ಎಂದು ಬಂದರೂ, ಟಿ-ಸ್ಕೋರ್ −2.5ಕ್ಕಿಂತ ಕೆಳಗಿದ್ದರೆ ಆ ಎಕ್ಸ್‌ರೇ ಬೇಕೆಂದು ಕೇಳಿ ಪಡೆಯಿರಿ.

## ಹಂತ 3: ಯಾರು ಹತ್ತಲೇಬಾರದು

ಇತ್ತೀಚೆಗೆ ಮೂಳೆ ಮುರಿದವರು, ಶಸ್ತ್ರಚಿಕಿತ್ಸೆಯಾದವರು, ಕೃತಕ ಮಂಡಿ ಅಥವಾ ಸೊಂಟದ ಕೀಲು, ಮೂಳೆಯೊಳಗೆ ರಾಡು-ಸ್ಕ್ರೂ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಮೂತ್ರಪಿಂಡ ಅಥವಾ ಪಿತ್ತಕೋಶದ ಕಲ್ಲು ಇರುವವರು, ಮೂರ್ಛೆ ರೋಗಿಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಅಥವಾ ಪಾದದಲ್ಲಿ ಹುಣ್ಣಿರುವವರು. ಇವರಲ್ಲಿ ಕೆಲವರಿಗೆ ವೈದ್ಯರು ಮುಂದೆ ಅನುಮತಿ ಕೊಡಬಹುದು, ಆದರೆ ಆ ತೀರ್ಮಾನವನ್ನು ಮನೆಯಲ್ಲಿ ಮಾಡುವಂತಿಲ್ಲ.

ಕಣ್ಣಿನ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಅರವತ್ತು ದಾಟಿದ ಅನೇಕರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಇಂಥ ಯಂತ್ರದ ಬಳಕೆಯ ನಂತರ ಕಣ್ಣಿನೊಳಗಿನ ಕೃತಕ ಮಸೂರ ಜಾರಿದ, ಕಣ್ಣೊಳಗೆ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಸೂರ ಹಾಕಿಸಿಕೊಂಡವರು, ರೆಟಿನಾ ತೊಂದರೆ ಇರುವವರು ಮೂಳೆ ವೈದ್ಯರ ಜೊತೆ ಕಣ್ಣಿನ ವೈದ್ಯರನ್ನೂ ಕೇಳಲೇಬೇಕು.

## ಹಂತ 4: ಏನು ಸಿಗಬಹುದು, ಏನು ಸಿಗಲಾರದು

ಅಂಗಡಿಯವರು ತೋರಿಸುವ ಅಧ್ಯಯನಗಳು ಸುಳ್ಳಲ್ಲ, ಆದರೆ ಅವು ಕಥೆಯ ಅರ್ಧ ಮಾತ್ರ. 2004ರಲ್ಲಿ ಪ್ರಕಟವಾದ ಬೆಲ್ಜಿಯಂನ ಅಧ್ಯಯನದಲ್ಲಿ ಮುಟ್ಟು ನಿಂತ ಮಹಿಳೆಯರು 35ರಿಂದ 40 ಹರ್ಟ್ಜ್ ಕಂಪನದ ಮೇಲೆ ಆರು ತಿಂಗಳು ವ್ಯಾಯಾಮ ಮಾಡಿದರು. ಸೊಂಟದ ಮೂಳೆ ಸಾಂದ್ರತೆ 0.93% ಏರಿತು. 2006ರ ಸ್ಪೇನಿನ ಅಧ್ಯಯನದಲ್ಲಿ, ನಡಿಗೆಯ ಗುಂಪಿಗೆ ಹೋಲಿಸಿದರೆ ಕಂಪನದ ಗುಂಪಿನ ತೊಡೆಮೂಳೆಯ ಕತ್ತಿನ ಸಾಂದ್ರತೆ 4.3% ಹೆಚ್ಚಾಯಿತು. ಬೆನ್ನಿನಲ್ಲಿ ವ್ಯತ್ಯಾಸವಾಗಲಿಲ್ಲ, ಅಧ್ಯಯನದಲ್ಲಿದ್ದವರೂ ಕೇವಲ 28 ಮಂದಿ.

ಇನ್ನರ್ಧ ಹೀಗಿದೆ. 2011ರಲ್ಲಿ ಕೆನಡಾದ 202 ಮಹಿಳೆಯರ ಅಧ್ಯಯನ ಪ್ರಕಟವಾಯಿತು: ಒಂದು ವರ್ಷ, ದಿನಕ್ಕೆ 20 ನಿಮಿಷ, ಮೃದು ಕಂಪನ. ಮೂಳೆಗೆ ಯಾವ ಲಾಭವೂ ಕಾಣಲಿಲ್ಲ. ಅಮೆರಿಕದಲ್ಲಿ ಎಂಬತ್ತರ ಆಸುಪಾಸಿನ 174 ಹಿರಿಯರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶವೂ ಅದೇ. ಹಾಂಗ್‌ಕಾಂಗ್‌ನಲ್ಲಿ 710 ಮಹಿಳೆಯರೊಂದಿಗೆ 18 ತಿಂಗಳು ನಡೆದ ಅಧ್ಯಯನದಲ್ಲೂ ಮೂಳೆ ಸಾಂದ್ರತೆ ಬದಲಾಗಲಿಲ್ಲ. ಆದರೆ ಅಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕಂಪನದ ಗುಂಪಿನಲ್ಲಿ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು 18.6%, ಇನ್ನೊಂದು ಗುಂಪಿನಲ್ಲಿ 28.7%.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದ ಮೇಲೆ ನನ್ನ ನಿಲುವು ಸ್ಪಷ್ಟ. ಯಂತ್ರವನ್ನು ಮೂಳೆ ತುಂಬುವ ಸಾಧನವೆಂದು ಕೊಳ್ಳಬೇಡಿ. ಕಾಲಿನ ಬಲ ಮತ್ತು ಸಮತೋಲ ಹೆಚ್ಚಿಸಿ, ಬೀಳುವುದನ್ನು ತಡೆಯುವ ಸಾಧನವೆಂದು ಬಳಸಿ. ಸವೆದ ಸೊಂಟದ ಮೂಳೆ ಮುರಿಯುವುದು ಬಹುಪಾಲು ಬಿದ್ದಾಗಲೇ ಆದ್ದರಿಂದ ಆ ಲಾಭ ಚಿಕ್ಕದಲ್ಲ.

## ಹಂತ 5: ಯಂತ್ರದ ನಿಜವಾದ ಅಂಕಿಗಳನ್ನು ಅಳೆಯಿರಿ

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ರಿಮೋಟಿನಲ್ಲಿ ಕಾಣುವ "1ರಿಂದ 99" ಎಂಬ ವೇಗಕ್ಕೆ ವೈದ್ಯಕೀಯ ಅರ್ಥವಿಲ್ಲ. ನಿಮಗೆ ಬೇಕಿರುವುದು ಮೂರು ಅಂಕಿ: ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ (ಹರ್ಟ್ಜ್), ಪ್ರತಿ ಸಲ ಎಷ್ಟು ಸರಿಯುತ್ತದೆ (ಮಿಲಿಮೀಟರ್), ಅವೆರಡೂ ಸೇರಿ ದೇಹಕ್ಕೆ ತಾಗುವ ರಭಸ ಎಷ್ಟು (ಜಿ, ಅಂದರೆ ಭೂಮಿಯ ಗುರುತ್ವದ ಎಷ್ಟು ಪಟ್ಟು).

ಮೊದಲು ಬಗೆ ಗುರುತಿಸಿ. ತಟ್ಟೆ ಪೂರ್ತಿಯಾಗಿ ಮೇಲೆ-ಕೆಳಗೆ ಹೋಗುತ್ತಿದ್ದರೆ ಅದು ನೇರ ಕಂಪನದ್ದು. ಏತದ ಹಲಗೆಯಂತೆ ಎಡ ಏರಿದಾಗ ಬಲ ಇಳಿಯುತ್ತಿದ್ದರೆ ಅದು ಓಲಾಟದ್ದು. ಮನೆಗೆ ಬರುವ ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಓಲಾಟದವು. ಇವುಗಳಲ್ಲಿ ಪಾದಗಳನ್ನು ನಡುವಿಗೆ ಹತ್ತಿರ ಇಟ್ಟರೆ ಸರಿತ ಕಡಿಮೆ, ಅಂಚಿಗೆ ಇಟ್ಟರೆ ಹೆಚ್ಚು.

ಹರ್ಟ್ಜ್ ಅಳೆಯಲು ಹಳೆಯ ಫೋನಿಗೆ ಫೈಫಾಕ್ಸ್ (phyphox) ಎಂಬ ಉಚಿತ ಆ್ಯಪ್ ಹಾಕಿ. ವೇಗೋತ್ಕರ್ಷದ ಸ್ಪೆಕ್ಟ್ರಮ್ (Acceleration Spectrum) ತೋರಿಸುವ ವಿಭಾಗವನ್ನು ತೆರೆದು, ಫೋನನ್ನು ತಟ್ಟೆಗೆ ಅಂಟುಪಟ್ಟಿಯಿಂದ ಬಿಗಿಯಾಗಿ ಅಂಟಿಸಿ. ಆರೋಗ್ಯವಂತ ಕಿರಿಯರೊಬ್ಬರು ಮೇಲೆ ನಿಲ್ಲಲಿ. ಖಾಲಿ ಯಂತ್ರದ ಅಂಕಿ ಬೇರೆ, ಭಾರ ಹೊತ್ತಾಗಿನದು ಬೇರೆ. ಪರದೆಯಲ್ಲಿ ಅತಿ ಎತ್ತರಕ್ಕೆ ಏಳುವ ಗೆರೆಯೇ ನಿಮ್ಮ ಹರ್ಟ್ಜ್. ಕಂಪನದಿಂದ ಫೋನಿನ ಕ್ಯಾಮೆರಾ ಹಾಳಾಗಬಹುದಾದ್ದರಿಂದ ಹೊಸ ಫೋನ್ ಬೇಡ.

ಸರಿತ ಅಳೆಯಲು, ಪಾದ ಇಡುವ ನೇರಕ್ಕೆ ತಟ್ಟೆಯ ಬದಿಯಲ್ಲಿ ಬಿಳಿ ಕಾಗದ ಅಂಟಿಸಿ, ತೆಳುವಾದ ಅಡ್ಡಗೆರೆ ಎಳೆಯಿರಿ. ಯಂತ್ರ ಓಡುವಾಗ ಆ ಗೆರೆ ಮಸುಕಾದ ಪಟ್ಟಿಯಂತೆ ಕಾಣುತ್ತದೆ. ಪಟ್ಟಿಯ ಅಗಲವನ್ನು ಸ್ಕೇಲಿನಿಂದ ಅಂದಾಜು ಮಾಡಿ, ಅದರ ಅರ್ಧವನ್ನು ತೆಗೆದುಕೊಳ್ಳಿ.

ಈಗ ಲೆಕ್ಕ: ಹರ್ಟ್ಜ್ × ಹರ್ಟ್ಜ್ × ಅರ್ಧ ಸರಿತ (ಮಿಲಿಮೀಟರ್) × 0.004 = ಜಿ.

12 ಹರ್ಟ್ಜ್, ಪಟ್ಟಿಯ ಅಗಲ 2 ಮಿಲಿಮೀಟರ್ ಆಗಿದ್ದರೆ 12 × 12 × 1 × 0.004, ಅಂದರೆ ಸುಮಾರು 0.6 ಜಿ. ಅದೇ 12 ಹರ್ಟ್ಜ್‌ನಲ್ಲಿ ಪಾದ ಅಂಚಿಗೆ ಸರಿದು ಪಟ್ಟಿ 10 ಮಿಲಿಮೀಟರ್ ಆದರೆ 2.9 ಜಿ. ವೇಗದ ಗುಂಡಿ ಮುಟ್ಟದೆ, ಬರೀ ಪಾದದ ಜಾಗ ಬದಲಾದದ್ದಕ್ಕೆ ರಭಸ ಐದು ಪಟ್ಟು ಏರಿತು. ನೇರ ಕಂಪನದ ಯಂತ್ರ 30 ಹರ್ಟ್ಜ್‌ನಲ್ಲಿ 2 ಮಿಲಿಮೀಟರ್ ಪಟ್ಟಿ ತೋರಿಸಿದರೆ ಅದು 3.6 ಜಿ.

ಮೃದು ಕಂಪನದ ವೈದ್ಯಕೀಯ ಪ್ರಯೋಗಗಳಲ್ಲಿ ಬಳಸಿದ್ದು 0.3 ಜಿ. 30 ಹರ್ಟ್ಜ್‌ನಲ್ಲಿ ಅದಕ್ಕೆ ಬೇಕಾದ ಅರ್ಧ ಸರಿತ 0.1 ಮಿಲಿಮೀಟರ್‌ಗಿಂತಲೂ ಕಡಿಮೆ, ಕಣ್ಣಿಗೆ ಕಾಣುವುದೇ ಕಷ್ಟ. ಅತಿ ದೊಡ್ಡ ತಪ್ಪು ಹುಟ್ಟುವುದು ಇಲ್ಲಿಂದಲೇ: "ದಿನಕ್ಕೆ 20 ನಿಮಿಷ" ಎಂಬುದನ್ನು ಆ ಪ್ರಯೋಗದಿಂದ ಎತ್ತಿಕೊಂಡು, 3 ಜಿ ಯಂತ್ರದ ಮೇಲೆ ನಿಲ್ಲುತ್ತಾರೆ. ಸಮಯ ಒಂದು ಕಡೆಯದು, ರಭಸ ಇನ್ನೊಂದು ಕಡೆಯದು.

ನಾನು ಸೂಚಿಸುವ ಮಿತಿ: ಆಸ್ಟಿಯೊಪೊರೊಸಿಸ್ ಖಚಿತವಾದವರು ಮನೆಯಲ್ಲಿ 1 ಜಿ ದಾಟಬಾರದು. 1 ಜಿ ಮೀರಿದರೆ ತಟ್ಟೆ ಇಳಿಯುವ ವೇಗಕ್ಕೆ ಪಾದ ಅದರಿಂದ ಬಿಟ್ಟು, ಮತ್ತೆ ಬಡಿಯತೊಡಗುತ್ತದೆ. ಲೆಕ್ಕ ಮಾಡಲು ಬಾರದವರಿಗೂ ಇದು ಗುರುತು: ಹಿಮ್ಮಡಿ ಟಪಟಪ ಬಡಿಯುತ್ತಿದ್ದರೆ ರಭಸ ಹೆಚ್ಚಾಗಿದೆ. ನಿಮ್ಮ ಯಂತ್ರ ಯಾವ ವೇಗದಲ್ಲೂ 1 ಜಿ ಒಳಗೆ ಬಾರದಿದ್ದರೆ ಹಿಂದಿರುಗಿಸಿ. ಆದ್ದರಿಂದಲೇ ಈ ಅಳತೆಯನ್ನು ಮರಳಿಸುವ ಅವಧಿ ಮುಗಿಯುವ ಮೊದಲೇ ಮಾಡಿ.

## ಹಂತ 6: ಇಡುವ ಜಾಗ

ಸಮತಟ್ಟಾದ ನೆಲ, ಕೆಳಗೆ ರಬ್ಬರ್ ಮ್ಯಾಟ್. ನುಣುಪಾದ ಟೈಲ್ಸ್ ಮೇಲೆ ಮ್ಯಾಟ್ ಇಲ್ಲದೆ ಇಟ್ಟರೆ ಯಂತ್ರವೇ ಜರಗುತ್ತದೆ. ಕಿಟಕಿಯ ಕಬ್ಬಿಣದ ಸರಳಿನ ಎದುರು ಇಟ್ಟರೆ ಹಿಡಿಯಲು ಗಟ್ಟಿ ಆಸರೆ ಸಿಗುತ್ತದೆ. ಪ್ಲಾಸ್ಟಿಕ್ ಕುರ್ಚಿ ಆಸರೆಯಲ್ಲ. ಅರ್ಥಿಂಗ್ ಇರುವ ಸಾಕೆಟ್‌ಗೆ ಮಾತ್ರ ಜೋಡಿಸಿ. ಕರೆಂಟ್ ಹೋಗಿ ಯಂತ್ರ ತಟ್ಟನೆ ನಿಂತರೆ ಹಿರಿಯರು ಮುಗ್ಗರಿಸಬಹುದು, ಹಾಗಾಗಿ ಮೊದಲ ನಿಮಿಷದಿಂದಲೇ ಕೈ ಸರಳಿನ ಮೇಲಿರಲಿ.

## ಹಂತ 7: ನಿಲ್ಲುವ ರೀತಿ

ಬರಿಗಾಲು ಅಥವಾ ತೆಳು ಅಟ್ಟೆಯ ಜಾರದ ಪಾದರಕ್ಷೆ. ಓಲಾಟದ ಯಂತ್ರವಾದರೆ ಪಾದಗಳು ನಡುವಿಗೆ ಹತ್ತಿರ, ಎರಡೂ ಕಡೆ ಸಮದೂರದಲ್ಲಿ. ಮಂಡಿ 25ರಿಂದ 30 ಡಿಗ್ರಿ ಬಾಗಿರಲಿ. ಎತ್ತರದ ಸ್ಟೂಲಿನ ಮೇಲೆ ಕೂರಲು ಹೊರಟವರು ನಡುವೆಯೇ ತಡೆದು ನಿಂತಷ್ಟು. ಬೆನ್ನು ನೇರ, ನೋಟ ಎದುರಿಗೆ, ಹಲ್ಲು ಕಚ್ಚಬಾರದು.

ಮಂಡಿ ಬಾಗಿದಾಗ ತೊಡೆಯ ಸ್ನಾಯುಗಳು ಕಂಪನವನ್ನು ತಾವೇ ಹೀರಿಕೊಂಡು ದುಡಿಯುತ್ತವೆ. ಸೆಟೆಸಿ ನಿಂತರೆ ಅದೇ ಕಂಪನ ಬೆನ್ನನ್ನೂ ತಲೆಯನ್ನೂ ಮುಟ್ಟುತ್ತದೆ. ಕಣ್ಣು ಮಂಜಾದರೆ, ತಲೆ ನಡುಗಿದರೆ ಭಂಗಿ ಕೆಟ್ಟಿದೆ ಎಂದು ತಿಳಿಯಿರಿ. ಮುಂದಕ್ಕೆ ಬಗ್ಗುವುದು ಪೂರ್ತಿ ನಿಷಿದ್ಧ, ಏಕೆಂದರೆ ಬಗ್ಗಿದಾಗ ಭಾರವೆಲ್ಲ ಮಣಿಗಳ ಮುಂದಿನ ಅಂಚಿಗೆ ಬೀಳುತ್ತದೆ, ಮಣಿ ಕುಸಿಯುವುದೂ ಅಲ್ಲೇ. ತಟ್ಟೆಯ ಮೇಲೆ ಕೂರುವಂತೆಯೂ ಇಲ್ಲ. ಕುಳಿತ ಬೆನ್ನುಮೂಳೆ 4ರಿಂದ 6 ಹರ್ಟ್ಜ್‌ನ ಕಂಪನಕ್ಕೆ ಅತಿ ಹೆಚ್ಚು ಕುಲುಕುತ್ತದೆ. ದಿನವಿಡೀ ಟ್ರ್ಯಾಕ್ಟರ್ ಓಡಿಸುವವರ ಸೊಂಟ ನೋಯುವುದಕ್ಕೂ ಇಂಥ ಕುಲುಕಾಟ ಒಂದು ಕಾರಣ.

## ಹಂತ 8: ವಾರದಿಂದ ವಾರಕ್ಕೆ

ಇದು ಓಲಾಟದ ಯಂತ್ರಕ್ಕೆ, 1 ಜಿ ಒಳಗೆ ಅಳೆದಿಟ್ಟುಕೊಂಡವರಿಗೆ ಮಾತ್ರ.

1. ವಾರ 1–2: ಒಂದು ನಿಮಿಷ ಕಂಪನ, ಒಂದು ನಿಮಿಷ ಯಂತ್ರ ನಿಲ್ಲಿಸಿ ವಿಶ್ರಾಂತಿ. ಹೀಗೆ 3 ಸುತ್ತು, ದಿನ ಬಿಟ್ಟು ದಿನ, ವಾರಕ್ಕೆ 3 ದಿನ.
2. ವಾರ 3–4: ಅದೇ ವೇಗ, 4 ಸುತ್ತು.
3. ವಾರ 5–8: ಅದೇ ವೇಗ, 6 ಸುತ್ತು.
4. ಎಂಟು ವಾರದ ನಂತರ: ಸರಳು ಹಿಡಿದೇ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವುದು, ಭಾರವನ್ನು ಎಡಕ್ಕೂ ಬಲಕ್ಕೂ ಬದಲಿಸುವುದು, ಮಂಡಿಯನ್ನು ಇನ್ನಷ್ಟು ಬಾಗಿಸಿ ಏಳುವುದು.

ವೇಗವನ್ನೂ ಸಮಯವನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಊಟವಾಗಿ ಒಂದು ತಾಸು ಕಳೆದಿರಲಿ. ರಕ್ತದೊತ್ತಡದ ಮಾತ್ರೆ ನುಂಗುವವರು ಮುಗಿದ ಮೇಲೆ ಕುರ್ಚಿಯಲ್ಲಿ ಐದು ನಿಮಿಷ ಕುಳಿತೇ ನಡೆಯಲಿ. ವೈದ್ಯಕೀಯ ದರ್ಜೆಯ 0.3 ಜಿ ಯಂತ್ರ ನಿಮ್ಮಲ್ಲಿದ್ದರೆ ಈ ಪಟ್ಟಿ ಬೇಡ, ಅದರ ತಯಾರಕರೂ ವೈದ್ಯರೂ ಹೇಳಿದ ಅವಧಿಯನ್ನೇ ಪಾಲಿಸಿ.

## ಹಂತ 9: ತಕ್ಷಣ ಇಳಿಯಬೇಕಾದ ಲಕ್ಷಣಗಳು

ಪಾದದಲ್ಲಿ ತುರಿಕೆ, ಕಾಲು ಕೆಂಪಾಗುವುದು ಮೊದಲ ವಾರಗಳಲ್ಲಿ ಸಾಮಾನ್ಯ, ತಾನೇ ಹೋಗುತ್ತದೆ. ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಅಂದಿಗೆ ನಿಲ್ಲಿಸಿ, ಮುಂದಿನ ಸಲ ಸುತ್ತು ಕಡಿಮೆ ಮಾಡಿ.

ಬೆನ್ನಿನ ನಡುವೆ ಒಂದೇ ಜಾಗದಲ್ಲಿ ಚುಚ್ಚುವ ಹೊಸ ನೋವು, ಹಾಸಿಗೆಯಲ್ಲಿ ಹೊರಳಿದರೆ ಹೆಚ್ಚುವ ನೋವು, ಪಕ್ಕೆಯ ಸುತ್ತ ಹರಿಯುವ ನೋವು ಮಣಿ ಕುಸಿದ ಸೂಚನೆ ಇರಬಹುದು. ಎರಡು ದಿನ ಕಾದು ನೋಡೋಣ ಎನ್ನದೆ ಎಕ್ಸ್‌ರೇ ಮಾಡಿಸಿ. ಒಂದೇ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಕಣ್ಣಿನಲ್ಲಿ ಮಿಂಚು ಅಥವಾ ಕಪ್ಪು ಚುಕ್ಕೆಗಳ ಸುರಿಮಳೆ, ಕಾಲು ಜೋಮು ಹಿಡಿಯುವುದು, ಮೂತ್ರದ ಹಿಡಿತ ತಪ್ಪುವುದು: ಇವುಗಳಿಗೆ ಅದೇ ದಿನ ಆಸ್ಪತ್ರೆ.

## ಹಂತ 10: ಮಾತ್ರೆ, ರೊಟ್ಟಿ, ಬಗ್ಗುವ ಕೆಲಸ

ಯಂತ್ರ ಯಾವ ಔಷಧಿಗೂ ಬದಲಿಯಲ್ಲ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಕನಿಷ್ಠ ಅರ್ಧ ತಾಸು ಮಲಗದೆ, ಏನೂ ತಿನ್ನದೆ ಇರಬೇಕು. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿರುವವರು ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದನ್ನು ತಡಮಾಡಿದರೆ ಅಥವಾ ಬಿಟ್ಟರೆ ಒಂದರ ಹಿಂದೆ ಒಂದು ಮಣಿ ಕುಸಿಯುವ ಅಪಾಯವಿದೆ.

ನಮ್ಮ ತಟ್ಟೆಯ ಬಗ್ಗೆ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಜೋಳದಲ್ಲಿ ಇರುವುದು ಸುಮಾರು 28 ಮಿಲಿಗ್ರಾಂ, ರಾಗಿಯಲ್ಲಿ ಸುಮಾರು 364. ಜೋಳದ ರೊಟ್ಟಿಯೇ ಎರಡು ಹೊತ್ತಿನ ಊಟವಾದ ಮನೆಯಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ರೊಟ್ಟಿ ಬಿಡುವುದು ಬೇಡ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವರ್ಷವಿಡೀ ಇರಲಿ. ಒಂದು ಚಮಚ, ಅಂದರೆ 10 ಗ್ರಾಂ ಸಿಪ್ಪೆಸಹಿತ ಎಳ್ಳಿನಲ್ಲೇ 100 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಮೊಸರು, ಮಜ್ಜಿಗೆ, ವಾರದಲ್ಲಿ ಕೆಲವು ದಿನ ರಾಗಿ. ಸ್ನಾಯು ಉಳಿಯಲು ಕಾಳು-ಬೇಳೆ ಧಾರಾಳವಾಗಿರಲಿ. ವಿಟಮಿನ್ ಡಿ ಪರೀಕ್ಷಿಸದೆ 60,000 ಯೂನಿಟ್‌ನ ಪುಡಿಯನ್ನು ತಿಂಗಳುಗಟ್ಟಲೆ ನುಂಗುವುದು ಬೇಡ, ಅತಿಯಾದರೆ ಅದೂ ವಿಷವೇ.

ಇನ್ನು ಬಗ್ಗುವ ಕೆಲಸ. ಬ್ಯಾಡಗಿಯ ಕಡೆ ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ತಾಸುಗಟ್ಟಲೆ ಬೆನ್ನು ಬಾಗಿಸಿ ಕೂರುತ್ತಾರೆ. ಎಲ್ಲ ಮನೆಗಳಲ್ಲೂ ಗಿಡ್ಡ ಕಸಬರಿಗೆಯಿದೆ. ವಾರಕ್ಕೆ ಹದಿನೆಂಟು ನಿಮಿಷ ಯಂತ್ರದ ಮೇಲೆ ಬೆನ್ನು ನೇರವಾಗಿಟ್ಟು, ಉಳಿದ ಹೊತ್ತೆಲ್ಲ ಬಗ್ಗಿಯೇ ದುಡಿದರೆ ಏನೂ ಉಳಿಯುವುದಿಲ್ಲ. ಉದ್ದ ಕೋಲಿನ ಕಸಬರಿಗೆ ತನ್ನಿ, ಕಾಯಿಯ ರಾಶಿಯನ್ನು ಮೇಜಿನ ಎತ್ತರಕ್ಕೆ ಏರಿಸಿ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದಾರಿಯಲ್ಲಿ ಸಣ್ಣ ದೀಪ ಇವೆಯೇ ನೋಡಿ. ಈ ನಾಲ್ಕಕ್ಕೂ ಸೇರಿ ಯಂತ್ರದಷ್ಟು ಖರ್ಚಾಗುವುದಿಲ್ಲ.

## ಹಂತ 11: ಫಲ ಅಳೆಯುವುದು

ಮೂರು ತಿಂಗಳಿಗೆ ಡೆಕ್ಸಾ ಮಾಡಿಸಿ ನಿರಾಶರಾಗುವುದು, ಅಥವಾ ಹಿಗ್ಗುವುದು, ಎರಡೂ ವ್ಯರ್ಥ. ಡೆಕ್ಸಾ ಯಂತ್ರಕ್ಕೂ ಅಳತೆಯ ಮಿತಿಯಿದೆ. ಸೊಂಟದಲ್ಲಿ 5%, ಬೆನ್ನಿನಲ್ಲಿ 5.3%ವರೆಗಿನ ವ್ಯತ್ಯಾಸ ಅಳತೆಯ ಏರುಪೇರಿನಿಂದಲೇ ಬರಬಹುದು ಎಂದು ಅಂತರರಾಷ್ಟ್ರೀಯ ಮಾನದಂಡಗಳು ಒಪ್ಪುತ್ತವೆ. ಬೆಲ್ಜಿಯಂನ ಆ 0.93% ಗುಂಪಿನ ಸರಾಸರಿಯಲ್ಲಿ ಕಂಡದ್ದು, ಒಬ್ಬರ ವರದಿಯಲ್ಲಿ ಅದು ಕಾಣಲಾರದು. ವೈದ್ಯರು ಬೇಗ ಬೇಕೆಂದು ಹೇಳದಿದ್ದರೆ ಒಂದರಿಂದ ಎರಡು ವರ್ಷಕ್ಕೆ, ಅದೇ ಕೇಂದ್ರದ ಅದೇ ಯಂತ್ರದಲ್ಲಿ ಮರುಪರೀಕ್ಷೆ ಮಾಡಿಸಿ. ಕೇಂದ್ರ ಬದಲಾದರೆ ಹೋಲಿಕೆಗೆ ಬೆಲೆಯಿಲ್ಲ.

ತಿಂಗಳಿಗೊಮ್ಮೆ ಮನೆಯಲ್ಲಿ ಅಳೆಯಬೇಕಾದದ್ದು ಬೇರೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು? ಸರಳಿನ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ಎಷ್ಟು ಸೆಕೆಂಡ್ ನಿಲ್ಲಬಲ್ಲರು? ಎತ್ತರ ಎಷ್ಟಿದೆ? ಮೂರನ್ನೂ ದಿನಾಂಕ ಸಹಿತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲೆರಡು ಅಂಕಿಗಳು ಆರು ತಿಂಗಳಲ್ಲಿ ಏರದಿದ್ದರೆ ಯಂತ್ರ ಈ ವ್ಯಕ್ತಿಗೆ ಕೆಲಸ ಮಾಡುತ್ತಿಲ್ಲ, ಆ ಸಮಯವನ್ನು ನಡಿಗೆಗೂ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮಕ್ಕೂ ಕೊಡಿ. ಎತ್ತರ 2 ಸೆಂಟಿಮೀಟರ್ ಕುಗ್ಗಿದ್ದರೆ ಯಂತ್ರ ನಿಲ್ಲಿಸಿ, ನೋಟ್‌ಬುಕ್ಕನ್ನೂ ಹಳೆಯ ಎಕ್ಸ್‌ರೇಯನ್ನೂ ತೆಗೆದುಕೊಂಡು ಅದೇ ವಾರ ವೈದ್ಯರ ಬಳಿ ಹೋಗಿ.